ಮುಂಬೈ, ಪುಣೆ, ಗೋವಾದವರೇ, ಹೊಲಿಯಲು ಬಟ್ಟೆ ಹೇಗೆ ಆರಿಸುತ್ತೀರಿ?

ಡೊಂಬಿವಲಿ ಸೂಜಿದಾರ

ನವರಾತ್ರಿ ಹತ್ತಿರ ಬಂತು. ಇನ್ನು ಬಟ್ಟೆ ಬಜಾರುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ ಮುಂಚೆ ಇದನ್ನು ಮಾತಾಡಿಬಿಡೋಣ ಅನ್ನಿಸಿತು. ಮನೆಯಲ್ಲೇ ಹೊಲಿದುಕೊಳ್ಳುವವರು ಬಟ್ಟೆ ಹೇಗೆ ಆರಿಸುತ್ತೀರಿ?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಏನು ಹೊಲಿಯಬೇಕು ಅಂತ ಗೊತ್ತಿಲ್ಲದೆ ಬಟ್ಟೆ ಕೊಳ್ಳಬಾರದು. ಚೆಂದ ಇದೆ ಅನ್ನುವುದೊಂದೇ ಸಾಲದು. ಅದು ಕುರ್ತಾ ಆಗುತ್ತದಾ, ಪ್ಯಾಂಟ್ ಆಗುತ್ತದಾ, ಹಾಕಿಕೊಂಡು ನಾನು ಎಲ್ಲಿಗೆ ಹೋಗುತ್ತೇನೆ, ಬೆಳಿಗ್ಗೆ ಲೋಕಲ್‌ನ ನೂಕುನುಗ್ಗಲಲ್ಲಿ ನಿಂತು ಆಫೀಸು ಸೇರುವ ಹೊತ್ತಿಗೆ ಅದು ಹೇಗೆ ಕಾಣುತ್ತದೆ, ವಾರ ವಾರ ಒಗೆದರೆ ತಡೆಯುತ್ತದಾ, ಇಷ್ಟು ಯೋಚಿಸಿ ಆಮೇಲೆ ಬಜಾರಿಗೆ ಹೋಗಬೇಕು. ಹೋಗುವ ಮುಂಚೆ ಬೀರು ತೆಗೆದು ನೋಡಿ. ಯಾವ ಬಟ್ಟೆ ಮತ್ತೆ ಮತ್ತೆ ಕೈಗೆ ಬರುತ್ತದೆ, ಯಾವುದು ಮಡಚಿದ ಹಾಗೇ ಕೂತಿದೆ? ಅದೇ ಉತ್ತರ ಹೇಳುತ್ತದೆ.

ಇನ್ನೊಂದು ಪನ್ನಾ, ಅಂದರೆ ಬಟ್ಟೆಯ ಅಗಲ. ರೇಟು ಕೇಳುವ ಮುಂಚೆ ಪನ್ನಾ ಕೇಳಿ. 36 ಇಂಚು, 44 ಇಂಚು, 58 ಇಂಚು, ಮೂರೂ ಒಂದೇ ಅಂಗಡಿಯಲ್ಲಿ ಪಕ್ಕಪಕ್ಕ ಇರುತ್ತವೆ. ನನ್ನ ಅಳತೆಯ ಉದ್ದ ತೋಳಿನ ಕುರ್ತಾಗೆ 36ರಲ್ಲಿ ಮೂರು ಮೀಟರ್ ಬೇಕು, 44ರಲ್ಲಿ ಎರಡೂವರೆ, 58ರಲ್ಲಿ ಎರಡು ಸಾಕು. ಮೀಟರಿಗೆ 200 ರೂಪಾಯಿಯ 36 ಇಂಚಿನ ಬಟ್ಟೆ 600 ರೂಪಾಯಿ ಆಯಿತು. 280ರ 58 ಇಂಚಿನದು 560. ಅಗ್ಗ ಅಂದುಕೊಂಡಿದ್ದೇ ದುಬಾರಿ, ಅಲ್ವಾ?

ನೀವೆಲ್ಲ ಏನು ನೋಡುತ್ತೀರಿ ಹೇಳಿ.

ಮುಲುಂಡ್ ಚೆಕ್‌ನಾಕಾ

ಪನ್ನಾ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿಗೆ. ಮೊದಲನೆಯದಕ್ಕೆ ಪೂರ್ತಿ ಒಪ್ಪಿಗೆ ಇಲ್ಲ ಅಕ್ಕ.

ಕೆಲವು ಬಟ್ಟೆ ಕೈಯಲ್ಲಿ ಹಿಡಿದ ಮೇಲೆಯೇ ಏನು ಹೊಲಿಯಬೇಕು ಅಂತ ಹೊಳೆಯುತ್ತದೆ. ಕೈಯಚ್ಚಿನ ಬಟ್ಟೆ, ಅಜ್ರಕ್, ದಾಬು, ಬಾಗ್, ಇವು ಇವತ್ತು ಕಂಡಿದ್ದು ಮುಂದಿನ ತಿಂಗಳು ಅದೇ ಬಣ್ಣದಲ್ಲಿ ಸಿಗುವುದಿಲ್ಲ. ಪಟ್ಟಿ ಹಿಡಿದುಕೊಂಡು ಹೋದರೆ ಪಟ್ಟಿಯಲ್ಲಿ ಇರುವುದೇ ಸಿಗುತ್ತದೆ, ಹೊಸದು ಯಾವಾಗ ಹೊಲಿಯುವುದು? ಹೊಲಿಗೆಯಲ್ಲಿ ಅರ್ಧ ಖುಷಿ ಬಟ್ಟೆ ನೋಡುವುದರಲ್ಲೇ ಇದೆ.

ಡೊಂಬಿವಲಿ ಸೂಜಿದಾರ

ನೋಡುವುದಕ್ಕೆ ಬೇಡ ಅನ್ನುವುದಿಲ್ಲ. ದಿನವಿಡೀ ನೋಡಿ. ಆದರೆ ಮುಂಬೈಯ ಬಟ್ಟೆ ಬಜಾರು ಮಂಗಳದಾಸ್ ಮಾರ್ಕೆಟ್ ಮೇಲೆ ಮುಚ್ಚಿಗೆ ಇರುವ ಜಾಗ. ಗಲ್ಲಿಗಳ ಒಳಗೆ ಬಿಸಿಲು ಬರುವುದಿಲ್ಲ, ಎಲ್ಲ ಟ್ಯೂಬ್‌ಲೈಟಿನ ಬೆಳಕು. ಗಾದಿಯ ಮೇಲೆ ಕೂತವರು ಒಂದಾದ ಮೇಲೊಂದು ಥಾನು, ಅಂದರೆ ಬಟ್ಟೆಯ ಇಡೀ ಸುತ್ತು, ಬಿಚ್ಚಿ ಹರಡುತ್ತಾರೆ, ರಾಶಿ ಎದುರಿಗೆ ಬಿದ್ದ ಮೇಲೆ ಏನೂ ತೆಗೆದುಕೊಳ್ಳದೆ ಏಳಲು ಸಂಕೋಚ. ಆ ಸಂಕೋಚದಲ್ಲಿ ಎರಡು ಮೀಟರ್ ಕೊಂಡುಬಿಡುತ್ತೇವೆ. ಅದು ಖುಷಿ ಅಲ್ಲ. ಮನಸ್ಸಿಗೆ ಹಿಡಿಸಿದ ಬಟ್ಟೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ನೋಡುತ್ತೇನೆ ಅಂತ ಕೇಳಿ. ಒಳ್ಳೆಯ ಅಂಗಡಿಯವರು ಇಲ್ಲ ಅನ್ನುವುದಿಲ್ಲ.

ಮಾಟುಂಗಾ ಟೇಲರ್

ಇಬ್ಬರೂ ಸರಿ ಇದ್ದೀರಿ. ಆಸೆಪಟ್ಟು ಕೊಂಡರೂ ಸರಿ, ಪಟ್ಟಿ ಮಾಡಿ ಕೊಂಡರೂ ಸರಿ, ಬಟ್ಟೆ ಪರೀಕ್ಷೆ ಮಾಡಿ ಕೊಳ್ಳಿ. ನಾನು ಲೇಡೀಸ್ ಟೇಲರ್ ಆಗಿ ದುಡಿದವನು, ಈಗ ಅಂಗಡಿ ಮಗನಿಗೆ ಬಿಟ್ಟಿದ್ದೇನೆ. ಕೌಂಟರ್ ಮುಂದೆ ನಿಂತು ನಾನು ಏನು ಮಾಡುತ್ತೇನೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಹತ್ತು ಎಣಿಸಿ ಬಿಡಿ. ಎಷ್ಟು ಸುಕ್ಕು ಉಳಿಯುತ್ತದೋ ಅಷ್ಟೇ ಸುಕ್ಕು ನಿಮ್ಮ ಮಡಿಲ ಮೇಲೆ ಮಧ್ಯಾಹ್ನಕ್ಕೆ ಇರುತ್ತದೆ. ಅಪ್ಪಟ ಕಾಟನ್, ಲಿನನ್ ಸುಕ್ಕಾಗುತ್ತದೆ, ಅದು ದೋಷ ಅಲ್ಲ. ಸ್ವಲ್ಪವೂ ಸುಕ್ಕಾಗದ ಬಟ್ಟೆಯನ್ನು ಪ್ಯೂರ್ ಕಾಟನ್ ಅಂತ ಹೇಳಿದರೆ ಅಲ್ಲಿ ಎರಡನೇ ಪ್ರಶ್ನೆ ಕೇಳಬೇಕು.

ಆಮೇಲೆ ಎರಡು ಹೆಬ್ಬೆರಳ ನಡುವೆ ಒಂದು ಜಾಗ ಹಿಡಿದು ಜೋರಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ, ಇಲ್ಲವೇ ಉಜ್ಜಿದ ಜಾಗ ಮೆತ್ತಗಾಗಿ ಪಕ್ಕದ್ದು ಬಿರುಸಾಗಿಯೇ ಉಳಿದರೆ, ಗಂಜಿ ಜಾಸ್ತಿ ಹಾಕಿದ್ದಾರೆ ಅಂತ ಅರ್ಥ. ಅಂಗಡಿಯಲ್ಲಿ ಹಪ್ಪಳದ ಹಾಗೆ ನಿಲ್ಲುವ ಬಟ್ಟೆ ಮೊದಲ ಒಗೆತಕ್ಕೇ ಜಾಳಾಗಿ ಜೋತು ಬೀಳುತ್ತದೆ. ಇದು ಅಗ್ಗದ ಕಾಟನ್‌ನಲ್ಲಿ ತುಂಬಾ ನೋಡಿದ್ದೇನೆ.

ಮೂರನೆಯದು ಬೆಳಕಿಗೆ ಹಿಡಿಯುವುದು. ನೂಲು ಒಂದೇ ಸಮ ಇದೆಯಾ, ಎಲ್ಲಾದರೂ ಸರಿದು ಕಿಂಡಿ ಬಿದ್ದಿದೆಯಾ ನೋಡಿ. ಉಗುರಿನಿಂದ ಮೆಲ್ಲಗೆ ನೂಲನ್ನು ಪಕ್ಕಕ್ಕೆ ತಳ್ಳಿ. ಸುಲಭವಾಗಿ ಸರಿದರೆ ಆ ಬಟ್ಟೆಯಲ್ಲಿ ಬಿಗಿಯಾದ ಬ್ಲೌಸ್ ಹೊಲಿಯಬೇಡಿ. ಕಂಕುಳ ಹತ್ತಿರ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಎಂಥ ಟೇಲರ್ ಹೊಲಿದರೂ ಅಷ್ಟೇ.

ಇನ್ನು ಹಾಸು ಹೊಕ್ಕು. ಅಂಚಿಗೆ ಸಮನಾಗಿ ಉದ್ದಕ್ಕೆ ಓಡುವುದು ಹಾಸು, ಅಡ್ಡ ಓಡುವುದು ಹೊಕ್ಕು. ಕುರ್ತಾದ ಉದ್ದ ಹಾಸಿನ ಉದ್ದಕ್ಕೇ ಬರಬೇಕು, ಇಲ್ಲದಿದ್ದರೆ ಒಗೆದ ಮೇಲೆ ತಿರುಚಿಕೊಂಡು ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ಬರುತ್ತದೆ. ಅಂಗಡಿಯವರು ಕಾಟನ್ ಅನ್ನು ಕತ್ತರಿಸದೆ ಹರಿದು ಕೊಡುತ್ತಾರಲ್ಲ, ಅದು ಒಳ್ಳೆಯದೇ. ಹರಿದರೆ ಹೊಕ್ಕಿನ ಗುಂಟ ನೇರವಾಗಿ ಹರಿಯುತ್ತದೆ. ಹರಿದ ಗೆರೆಯ ಪಕ್ಕದಲ್ಲಿ ಪ್ರಿಂಟ್ ನೋಡಿ. ಚೌಕಳಿ, ಅಡ್ಡಗೆರೆ ಆ ಹರಿದ ಗೆರೆಗೆ ಸಮನಾಗಿ ಓಡಬೇಕು. ಒಂದು ಕಡೆ ಎರಡು ಇಂಚು ಜಾರಿದ್ದರೆ ಪ್ರಿಂಟ್ ಓರೆಯಾಗಿ ಬಿದ್ದಿದೆ. ಅದನ್ನು ಯಾರೂ ಸರಿ ಮಾಡಲಾಗದು. ಬಟ್ಟೆ ನೇರ ಕತ್ತರಿಸಿದರೆ ಪ್ರಿಂಟ್ ಓರೆ, ಪ್ರಿಂಟ್ ನೇರ ಇಟ್ಟರೆ ಬಟ್ಟೆ ಓರೆ. ನೇಯ್ದ ಚೌಕಳಿಯಲ್ಲಿ ಈ ತಕರಾರು ಕಮ್ಮಿ, ಗೆರೆ ನೂಲಿನಲ್ಲೇ ಇರುತ್ತದೆ.

ಚೌಕಳಿ ಹೊಂದಿಸಲು ಅರ್ಧ ಮೀಟರ್ ಜಾಸ್ತಿ ಕೊಳ್ಳಿ. ಹೂವಿನ ತಲೆ ಎಲ್ಲ ಒಂದೇ ಕಡೆ ನೋಡುವ ಪ್ರಿಂಟ್‌ಗೂ, ವೆಲ್ವೆಟ್, ಕಾರ್ಡ್ರಾಯ್‌ಗೂ ಜಾಸ್ತಿ ಬೇಕು, ತುಂಡುಗಳನ್ನು ತಲೆಕೆಳಗೆ ಮಾಡಿ ಕತ್ತರಿಸುವ ಹಾಗಿಲ್ಲ.

ಹೊಸ ಮಷೀನು

ಮಾಸ್ಟ್ರೇ, ತುಂಬಾ ಥ್ಯಾಂಕ್ಸ್. ನಾನು ಈಗಷ್ಟೇ ಮಷೀನು ತೆಗೆದುಕೊಂಡಿದ್ದೇನೆ. ಠಾಣೆಯಲ್ಲಿ ಇದ್ದೇನೆ. ಮೊದಲ ಕುರ್ತಾಗೆ ರೇಯಾನ್ ತೆಗೆದುಕೊಳ್ಳಲಾ? ಮೈಮೇಲೆ ಚೆನ್ನಾಗಿ ಬೀಳುತ್ತದೆ ಅಂತಾರೆ.

ಮಾಟುಂಗಾ ಟೇಲರ್

ಬೇಡ ಮಗಾ. ರೇಯಾನ್ ಕತ್ತರಿಸುವಾಗ ಜಾರುತ್ತದೆ, ಹೊಲಿಯುವಾಗ ಎಳೆದುಕೊಳ್ಳುತ್ತದೆ. ಕ್ಯಾಂಬ್ರಿಕ್ ಇಲ್ಲವೇ ಪಾಪ್ಲಿನ್ ಅನ್ನುವ ಕಾಟನ್ ತಗೋ. ಇಟ್ಟ ಕಡೆ ನಿಲ್ಲುತ್ತದೆ, ಬಿಚ್ಚಿ ಮತ್ತೆ ಹೊಲಿದರೂ ತೂತು ಕಾಣುವುದಿಲ್ಲ. ಅದಕ್ಕೂ ಮುಂಚೆ ಮಾಂಜರಪಾಟ್ ಅನ್ನುವ ಒರಟು ಕಾಟನ್‌ನಲ್ಲಿ ಒಂದು ಹೊಲಿದು ಮೈಗೆ ಹಾಕಿ ನೋಡು. ತೋಳು, ಕುತ್ತಿಗೆ ಸರಿ ಕೂತ ಮೇಲೆ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕು.

ಪುಣೆ ಪೇಟೆ

ನಾವು ಪುಣೆಯವರು ರವಿವಾರ ಪೇಟೆ, ಲಕ್ಷ್ಮೀ ರಸ್ತೆ, ತುಳಶಿಬಾಗ್ ಸುತ್ತುವವರು. ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗಳು ಪೇಟೆಯಲ್ಲಿ ಇನ್ನೂ ಇವೆ, ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.

ನನಗೆ ಹೇಳಬೇಕಾದ್ದು ಖಣದ ಬಗ್ಗೆ. ನಮ್ಮ ಬಾಗಲಕೋಟೆ ಕಡೆಯ ಗುಳೇದಗುಡ್ಡದ ಖಣ ಈಗ ಪುಣೆಯಲ್ಲಿ ಎಲ್ಲಿ ನೋಡಿದರೂ ಇದೆ. ಮೊದಲು ಇಳಕಲ್ ಸೀರೆಯ ಜೊತೆ ಕುಪ್ಪಸಕ್ಕೆ ಮಾತ್ರ ಅನ್ನುವ ಹಾಗಿತ್ತು. ಈಗ ಖಣದ ಫ್ರಾಕ್, ಖಣದ ಜಾಕೆಟ್, ಖಣದ ಬ್ಯಾಗು, ದೀಪಾವಳಿಗೆ ಖಣದ ಆಕಾಶಬುಟ್ಟಿ ಕೂಡ. ನೋಡಿದರೆ ಹೊಟ್ಟೆ ತಂಪಾಗುತ್ತದೆ. ಆದರೆ ರಾಶಿ ಹಾಕಿ ಮಾರುವುದರಲ್ಲಿ ಬಹಳಷ್ಟು ಪವರ್‌ಲೂಮಿನ ಪಾಲಿಯೆಸ್ಟರ್. ಅದನ್ನು ಪಾಲಿಯೆಸ್ಟರ್ ಅಂತ ಹೇಳಿ ಮಾರಿದರೆ ನನಗೆ ತಕರಾರು ಇಲ್ಲ, ಕೆಲವರು ಕೈಮಗ್ಗದ್ದು ಅಂತ ಹೇಳಿ ಕೊಡುತ್ತಾರೆ. ಲಕ್ಷ್ಮೀ ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ನನ್ನ ನಾದಿನಿಗೆ ಹಾಗೇ ಕೊಟ್ಟರು. ಕೈಮಗ್ಗದ ಖಣದ ಪನ್ನಾ ಚಿಕ್ಕದು, ಕುಪ್ಪಸದ ಅಳತೆಗೆ ನೇಯ್ದಿದ್ದು. ಅಗಲ ಪನ್ನಾದಲ್ಲಿ ಕಡಿಮೆ ರೇಟಿಗೆ ಬೇಕಾದಷ್ಟು ಮೀಟರ್ ಸಿಗುತ್ತಿದ್ದರೆ ನಿಂತು ಕೇಳಿ.

ಅನುಮಾನ ಇದ್ದರೆ ಒಂದು ಚೂರು ಕೇಳಿ ಪಡೆದು ಮನೆಯಲ್ಲಿ ಸುಟ್ಟು ನೋಡಿ. ಸ್ಟೀಲ್ ತಟ್ಟೆಯ ಮೇಲೆ, ಚಿಮುಟದಲ್ಲಿ ಹಿಡಿದು, ಹಾಸಿನ ನೂಲು ಬೇರೆ, ಹೊಕ್ಕಿನ ನೂಲು ಬೇರೆ ಸುಡಬೇಕು, ಎರಡೂ ಬೇರೆ ಬೇರೆ ಇರಬಹುದು. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಆಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಆ ಮಣಿ ಆರುವವರೆಗೆ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ.

ಮುಲುಂಡ್ ಚೆಕ್‌ನಾಕಾ

ರೇಯಾನ್ ಕೂಡ ಕಾಗದದ ಹಾಗೇ ಸುಡುತ್ತದಲ್ಲ? ಅದನ್ನು ಕಾಟನ್ ಅಂತ ಕೊಟ್ಟರೆ ಹೇಗೆ ಗೊತ್ತಾಗುತ್ತದೆ?

ಪುಣೆ ಪೇಟೆ

ಹೌದು, ರೇಯಾನ್ ಮರದ ತಿರುಳಿನಿಂದ ಮಾಡಿದ್ದು, ಬೆಂಕಿಯಲ್ಲಿ ಎರಡೂ ಒಂದೇ ಥರ. ನೀರಿನಲ್ಲಿ ಗೊತ್ತಾಗುತ್ತದೆ. ಒಂದು ನೂಲು ಎಳೆದು, ನಡುವೆ ಒದ್ದೆ ಮಾಡಿ ಎರಡೂ ಕಡೆ ಜಗ್ಗಿ. ರೇಯಾನ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಒದ್ದೆ ಜಾಗದಲ್ಲೇ ಪಟ್ಟನೆ ತುಂಡಾಗುತ್ತದೆ. ಕಾಟನ್ ನೂಲು ಒದ್ದೆಯಾದರೆ ಇನ್ನೂ ಗಟ್ಟಿ. ಇದೇ ಕಾರಣಕ್ಕೆ ರೇಯಾನ್ ಕುರ್ತಾವನ್ನು ಕಲ್ಲಿಗೆ ಬಡಿದು ಒಗೆಯಬಾರದು, ಹಿಂಡಿ ತಿರುಚಬಾರದು.

ಹುಬ್ಬಳ್ಳಿ ಟು ವಾಸ್ಕೊ

ಎಲ್ಲರಿಗೂ ನಮಸ್ಕಾರ ರೀ. ಗೋವಾದ ಕಥೆಯೇ ಬೇರೆ. ನಿಮಗೆ ಗಲ್ಲಿ ತುಂಬಾ ಅಂಗಡಿ. ನಮಗೆ ಮಡಗಾಂವ್ ಮಾರ್ಕೆಟ್, ಶುಕ್ರವಾರದ ಮಾಪುಸಾ ಸಂತೆ, ಅಷ್ಟೇ ಅನ್ನಬೇಕು. ಊರಿಗೆ ಹೋದಾಗ ಹುಬ್ಬಳ್ಳಿ, ಬೆಳಗಾವಿಯಲ್ಲಿ ವರ್ಷಕ್ಕೆ ಆಗುವಷ್ಟು ತರುತ್ತೇವೆ. ಹಾಗಾಗಿ ಪಟ್ಟಿ ಇಲ್ಲದೆ ನಮ್ಮಂಥವರಿಗೆ ನಡೆಯುವುದೇ ಇಲ್ಲ. ಡೊಂಬಿವಲಿ ಅಕ್ಕನ ಮಾತಿಗೆ ನನ್ನ ವೋಟು.

ಆದರೆ ಇಲ್ಲಿ ಎಲ್ಲರೂ ಪಾಲಿಯೆಸ್ಟರ್ ಅಂದರೆ ಮೂಗು ಮುರಿಯುತ್ತೀರಿ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸಿ ನೋಡಿ. ದಪ್ಪ ಕಾಟನ್ ಪ್ಯಾಂಟ್ ಮೂರು ದಿನ ಆದರೂ ಸೊಂಟದ ಪಟ್ಟಿ ಹಸಿ ಹಸಿ, ಆಮೇಲೆ ಮುಗ್ಗಲು ವಾಸನೆ, ಕಪ್ಪು ಚುಕ್ಕೆ. ಮಕ್ಕಳ ಯೂನಿಫಾರ್ಮು ದಿನಾ ಒಗೆಯಬೇಕು. ಅದಕ್ಕೆ ಪಾಲಿಯೆಸ್ಟರ್ ಕಾಟನ್ ಮಿಶ್ರಣವೇ ಸರಿ. ನನ್ನ ಗಂಡ ಬಂದರಿನ ಕಡೆ ಕೆಲಸಕ್ಕೆ ಹೋಗುತ್ತಾರೆ, ಅವರಿಗೂ ಅದೇ. ಮಳೆಗಾಲಕ್ಕೆ ಮಿಶ್ರಣ, ಬೇಸಿಗೆಗೆ ತೆಳು ಕಾಟನ್ ಮಲ್‌ಮಲ್, ಇದು ನಮ್ಮ ಮನೆಯ ಲೆಕ್ಕ. ಬೇಸಿಗೆಯ ಬೆವರಿಗೆ ಪಾಲಿಯೆಸ್ಟರ್ ಹಾಕಿದರೆ ಮಾತ್ರ ಬೆನ್ನಿಗೆ ಅಂಟಿಕೊಂಡು ಜೀವ ಹೋಗುತ್ತದೆ.

ಡೊಂಬಿವಲಿ ಸೂಜಿದಾರ

ಇದು ಸರಿಯಾದ ಮಾತು. ಯಾವ ಬಟ್ಟೆ ಒಳ್ಳೆಯದು ಅಂತ ಕೇಳಬಾರದು, ಯಾರಿಗೆ, ಯಾವ ಹವೆಗೆ, ಯಾವ ಕೆಲಸಕ್ಕೆ ಅಂತ ಕೇಳಬೇಕು.

ಆನ್‌ಲೈನ್‌ನಲ್ಲಿ ತರಿಸುತ್ತೀರಾ ರೀ?

ಹುಬ್ಬಳ್ಳಿ ಟು ವಾಸ್ಕೊ

ತರಿಸುತ್ತೇನೆ, ಬೇರೆ ದಾರಿ ಇಲ್ಲ. ಫೋಟೊ ನೋಡಿ ಮರುಳಾಗುವುದಿಲ್ಲ. ಪನ್ನಾ ಬರೆದಿರಬೇಕು, ಜಿಎಸ್‌ಎಂ ಬರೆದಿರಬೇಕು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಮ್ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ಮಲ್‌ಮಲ್ 60, 70ರ ಆಸುಪಾಸು ಇರುತ್ತದೆ, ಒಳಗೆ ಲೈನಿಂಗ್ ಬೇಕೇ ಬೇಕು. ಶರ್ಟು, ಕುರ್ತಾಗೆ 100ರಿಂದ 130 ನೋಡುತ್ತೇನೆ. ಪ್ಯಾಂಟಿಗೆ 200ರ ಮೇಲೆ. ಮನೆಯಲ್ಲಿ ಚೆನ್ನಾಗಿ ಕೂತ ಒಂದು ಬಟ್ಟೆಯ ತೂಕ ಗೊತ್ತಿದ್ದರೆ ಅದಕ್ಕೆ ಹೋಲಿಸಿ ತರಿಸಬಹುದು. ಎರಡೂ ಬರೆಯದ ಅಂಗಡಿಯಿಂದ ನಾನು ತರಿಸುವುದಿಲ್ಲ, ಮುಗಿಯಿತು.

ಪುಣೆ ಪೇಟೆ

ಕೈಮಗ್ಗದ ವಿಷಯ ಮತ್ತೆ ಹೇಳಲೇಬೇಕು. ಅಂಚಿನ ಗುಂಟ ಸಣ್ಣ ಸಣ್ಣ ತೂತು ಇದ್ದರೆ ಕೈಮಗ್ಗದ್ದು ಅಂತ ಕೆಲವರು ಹೇಳಿಕೊಡುತ್ತಾರೆ, ನಂಬಬೇಡಿ. ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಮುಳ್ಳುಗಳ ಗುರುತು ಅದು, ಪವರ್‌ಲೂಮಿನಲ್ಲೂ ಬೀಳುತ್ತದೆ. 2006ರಿಂದ ಕೈಮಗ್ಗದ್ದು ಅಂತ ಗುರುತಿಸಲು ಸರ್ಕಾರದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆ, 2015ರಲ್ಲಿ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಬಂತು, ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್. ಆ ಚೀಟಿ ಕೇಳಿ. ಸಿಲ್ಕ್ ಮಾರ್ಕ್ ಅಪ್ಪಟ ರೇಷ್ಮೆ ಅಂತ ಮಾತ್ರ ಹೇಳುತ್ತದೆ, ಕೈಮಗ್ಗ ಅಂತ ಅಲ್ಲ. ಖಾದಿ ಅಂದರೆ ನೂಲೂ ಕೈಯಿಂದ ತೆಗೆದಿರಬೇಕು, ಕೈಮಗ್ಗದ ಬಟ್ಟೆಗೆ ಗಿರಣಿಯ ನೂಲು ಇರಬಹುದು. ನೇಕಾರರ ಸಹಕಾರಿ ಸಂಘಗಳು ಪ್ರದರ್ಶನಕ್ಕೆ ಬಂದಾಗ ನಾನು ಅವರ ಹತ್ತಿರವೇ ಕೊಳ್ಳುತ್ತೇನೆ. ಯಾವ ಊರಿನಲ್ಲಿ ನೇಯ್ದಿದ್ದು, ಹಾಸು ಯಾವುದು, ಹೊಕ್ಕು ಯಾವುದು, ಎಲ್ಲ ಹೇಳುತ್ತಾರೆ. ಆ ದುಡ್ಡು ಕೊಡಲು ನನಗೆ ಬೇಜಾರಿಲ್ಲ.

ಹೊಸ ಮಷೀನು

ನನ್ನಂಥವರಿಗೆ ಆ ರೇಟು ಕಷ್ಟ ಆಗುತ್ತದೆ ಅಕ್ಕ. ಕಟ್‌ಪೀಸ್ ತೆಗೆದುಕೊಳ್ಳಬಹುದಾ?

ಮುಲುಂಡ್ ಚೆಕ್‌ನಾಕಾ

ಖಂಡಿತ ತಗೋ. ಉಲ್ಲಾಸನಗರ, ಹಿಂದ್‌ಮಾತಾ, ಎಲ್ಲ ಕಡೆ ಕಟ್‌ಪೀಸ್ ಸಿಗುತ್ತದೆ. ಬೇರೆಯವರಿಗೆ ಬೇಡವಾದ ಬಟ್ಟೆ ನಿನ್ನ ಮೈಮೇಲೆ ಕೂರುತ್ತದೆ, ಅದಕ್ಕಿಂತ ಒಳ್ಳೆಯದು ಏನಿದೆ? ಪೂರ್ತಿ ಬಿಚ್ಚಿಸಿ ನೋಡು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದೆಯಾ, ಎಣ್ಣೆ ಕಲೆ ಇದೆಯಾ, ಎರಡೂ ತುದಿಯಲ್ಲಿ ಬಣ್ಣ ಒಂದೇನಾ ಅಂತ ನೋಡು. ಅಳತೆ ಬರೆದ ಚೀಟಿ ನಂಬದೆ ನಿನ್ನ ಟೇಪಿನಲ್ಲೇ ಅಳೆ. ಹಿಂದ್‌ಮಾತಾಗೆ ಜೋರು ಮಳೆಯ ದಿನ ಹೋಗಬೇಡ, ಅಲ್ಲಿ ನೀರು ನಿಲ್ಲುತ್ತದೆ ಅಂತ ಗೊತ್ತಲ್ಲ.

ಮಾಟುಂಗಾ ಟೇಲರ್

ಲೈನಿಂಗ್ ಬಗ್ಗೆ ಯಾರೂ ಬರೆಯಲಿಲ್ಲ, ನನಗೆ ಅದೇ ಬೇಜಾರು. ಮೇಲಿನ ಬಟ್ಟೆಗೆ ಸಾವಿರ ಕೊಟ್ಟು ಲೈನಿಂಗ್‌ಗೆ ಐವತ್ತು ರೂಪಾಯಿ ಉಳಿಸುತ್ತಾರೆ. ಮೈಗೆ ತಾಗುವುದು ಲೈನಿಂಗ್. ಅದು ಕಾಟನ್ ಇರಲಿ. ಬ್ಲೌಸಿಗೆ ಟು ಬೈ ಟು ರೂಬಿಯಾ ಅನ್ನುವ ತೆಳು ಕಾಟನ್ ಕೇಳಿದರೆ ಮ್ಯಾಚಿಂಗ್ ಸೆಂಟರಿನವರು ನೂರು ಬಣ್ಣ ತೋರಿಸುತ್ತಾರೆ, ಎಲ್ಲದಕ್ಕೂ ಅದೇ ಹೆಸರು ಹೇಳುತ್ತಾರೆ, ಮುಟ್ಟಿ ನೋಡಿ ತೆಗೆದುಕೊಳ್ಳಿ. ಮುಖ್ಯ ಏನೆಂದರೆ ಲೈನಿಂಗ್ ಕೂಡ ನೆನೆಸಿ ಒಣಗಿಸಬೇಕು. ಮೇಲಿನದು ರೇಷ್ಮೆ, ಒಳಗಿನದು ನೆನೆಸದ ಕಾಟನ್ ಆದರೆ ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ ಇಡೀ ಬ್ಲೌಸ್ ಸುರುಟಿಕೊಳ್ಳುತ್ತದೆ. ಗಿರಾಕಿ ಟೇಲರನ್ನು ಬೈಯುತ್ತಾರೆ.

1982ರ ಗಿರಣಿ ಕಾರ್ಮಿಕರ ಮುಷ್ಕರಕ್ಕೆ ಮುಂಚೆ ಪರೇಲ್, ಲಾಲ್‌ಬಾಗ್ ಗಿರಣಿಗಳ ಬಟ್ಟೆ ಬರುತ್ತಿತ್ತು, ಗಿರಣಿಯ ಹೆಸರು ಅಂಚಿನ ಮೇಲೇ ಅಚ್ಚಾಗಿರುತ್ತಿತ್ತು. ಕೆಲವದರ ಮೇಲೆ ಸ್ಯಾನ್‌ಫರೈಸ್ಡ್ ಅಂತಲೂ ಇರುತ್ತಿತ್ತು, ಗಿರಣಿಯಲ್ಲೇ ಕುಗ್ಗಿಸಿ ಕಳಿಸಿದ್ದು ಅಂತ ಅರ್ಥ. ಈಗ ಭಿವಂಡಿ, ಇಚಲಕರಂಜಿಯ ಪವರ್‌ಲೂಮಿನ ಬಟ್ಟೆಯೇ ಜಾಸ್ತಿ, ಹಲವು ಥಾನುಗಳ ಅಂಚು ಖಾಲಿ. ಅದಕ್ಕೇ ಮನೆಯಲ್ಲಿ ನೆನೆಸುವ ಕೆಲಸ ತಪ್ಪುವುದಿಲ್ಲ.

ಹೊಸ ಮಷೀನು

ಎಷ್ಟು ಹೊತ್ತು ನೆನೆಸಬೇಕು ಮಾಸ್ಟ್ರೇ? ಉಪ್ಪು ಹಾಕಿದರೆ ಬಣ್ಣ ಕಟ್ಟುತ್ತದೆ ಅಂತ ಅಮ್ಮ ಹೇಳುತ್ತಾರೆ.

ಪುಣೆ ಪೇಟೆ

ನಾನು ಹೇಳುತ್ತೇನೆ. ಉಪ್ಪು ಬಣ್ಣ ಹಾಕುವಾಗ ಕೆಲಸಕ್ಕೆ ಬರುತ್ತದೆ, ಬಣ್ಣ ನೂಲಿನ ಒಳಗೆ ಹೋಗಲು. ಬಣ್ಣ ಹಾಕಿ ಮುಗಿದ ಬಟ್ಟೆಗೆ ಮನೆಯಲ್ಲಿ ಉಪ್ಪು ಹಾಕಿದರೆ ಏನೂ ಕಟ್ಟುವುದಿಲ್ಲ. ಉಳಿದ ಬಣ್ಣ ಹೋಗಬೇಕು ಅಷ್ಟೇ. ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಬೇಕು. ಕೊಳ್ಳುವಾಗಲೇ ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಂದು ಮೂಲೆ ಉಜ್ಜಿ ನೋಡು. ನೀಲಿ ಇಂಡಿಗೊ ಸ್ವಲ್ಪ ಬಿಟ್ಟೇ ಬಿಡುತ್ತದೆ. ಕೆಂಪು ಧಾರಾಳವಾಗಿ ಬಿಟ್ಟರೆ ಅದನ್ನು ಬಿಳಿಯ ಜೊತೆ ಸೇರಿಸಿ ಹೊಲಿಯಬೇಡ.

ಕಾಟನ್ ರಾತ್ರಿ ನೆನೆಸಿ ಬೆಳಿಗ್ಗೆ ಹಿಂಡದೆ ನೆರಳಲ್ಲಿ ಒಣಹಾಕು, ಅರೆ ಹಸಿ ಇರುವಾಗ ಇಸ್ತ್ರಿ ಮಾಡು. ಮೀಟರಿಗೆ ನಾಲ್ಕೈದು ಸೆಂಟಿಮೀಟರ್ ಕುಗ್ಗಿದರೆ ಗಾಬರಿ ಬೇಡ. ಅದಕ್ಕೇ ಕೊಳ್ಳುವಾಗ ಕಾಲು ಮೀಟರ್ ಜಾಸ್ತಿ.

ಮುಲುಂಡ್ ಚೆಕ್‌ನಾಕಾ

ಉಳಿದ ತುಂಡು ಏನು ಮಾಡುತ್ತೀರಿ ಎಲ್ಲರೂ?

ಹುಬ್ಬಳ್ಳಿ ಟು ವಾಸ್ಕೊ

ಕೌದಿ ರೀ! ನಮ್ಮತ್ತೆ ಒಂದು ಚೂರೂ ಎಸೆಯಲು ಬಿಡುವುದಿಲ್ಲ. ಆದರೆ ಕೌದಿಗೂ ಕಾಟನ್ ತುಂಡೇ ಬೇಕು, ನೈಲಾನು ಪಾಲಿಯೆಸ್ಟರು ಸೇರಿಸಿದರೆ ಸೂಜಿ ಓಡುವುದಿಲ್ಲ, ಹೊದ್ದರೆ ಬೆಚ್ಚಗೂ ಆಗುವುದಿಲ್ಲ ಅನ್ನುತ್ತಾರೆ. ಬಟ್ಟೆ ಕೊಳ್ಳುವಾಗಲೇ ಅವರು ಪಕ್ಕದಲ್ಲಿ ನಿಂತು, ಇದರ ಚೂರು ನನಗೆ ಬರುತ್ತದಾ ಅಂತ ಕೇಳುತ್ತಾರೆ.

ಡೊಂಬಿವಲಿ ಸೂಜಿದಾರ

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ.

ಮುಲುಂಡ್, ನಿನ್ನ ಮಾತನ್ನೂ ಯೋಚಿಸಿದೆ. ಕೈಯಚ್ಚಿನ ಬಟ್ಟೆ ಕಂಡಾಗ ಮನಸ್ಸು ತಡೆಯುವುದಿಲ್ಲ ಅನ್ನುವುದು ನಿಜ. ಹಾಗೆ ಕಂಡರೆ ಎರಡೂವರೆ ಮೀಟರ್ ತಗೋ, ಕುರ್ತಾ ಖಂಡಿತ ಆಗುತ್ತದೆ, ಒಂದು ಮೀಟರ್ ತಂದರೆ ಅದು ಏನೂ ಆಗದೆ ಉಳಿಯುತ್ತದೆ. ಮತ್ತೆ ಅದನ್ನು ಹೊಲಿದು ಮುಗಿಸುವವರೆಗೆ ಇನ್ನೊಂದು ಬೇಡ. ಇಷ್ಟಕ್ಕೆ ಒಪ್ಪುತ್ತೀಯಾ?

ಮುಲುಂಡ್ ಚೆಕ್‌ನಾಕಾ

ಎರಡೂವರೆಗೆ ಒಪ್ಪಿದೆ. ಎರಡನೆಯದು ನೋಡೋಣ.

ಹೊಸ ಮಷೀನು

ಈ ವಾರ ನಾನು ಮಂಗಳದಾಸ್‌ಗೆ ಹೋಗಬೇಕು ಅಂತಿದ್ದೇನೆ. ಭಾನುವಾರ ನನಗೆ ರಜೆ. ಹೇಗೆ ಹೋಗುವುದು?

ಡೊಂಬಿವಲಿ ಸೂಜಿದಾರ

ಭಾನುವಾರ ಮುಚ್ಚಿರುತ್ತದೆ, ಶನಿವಾರ ರಜೆ ಹಾಕು. ಸಿಎಸ್‌ಎಂಟಿ ಸ್ಟೇಷನ್‌ನಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆ, ಅಲ್ಲಿಂದ ಹತ್ತಿರ. ಮೂಳಜಿ ಜೇಠಾ ಮಾರ್ಕೆಟ್ ಹೋಲ್‌ಸೇಲ್‌ನವರಿಗೆ, ನಿನಗೆ ಎರಡು ಮೀಟರಿಗೆ ಅಲ್ಲಿ ಕೆಲಸ ಇಲ್ಲ. ಲೇಸು, ಗುಂಡಿ ಬೇಕಿದ್ದರೆ ಆಮೇಲೆ ಭುಲೇಶ್ವರಕ್ಕೆ ನಡೆದುಕೊಂಡು ಹೋಗಬಹುದು. ಟೇಪು, ಬಿಳಿ ಕರ್ಚೀಫು, ಸಣ್ಣ ಬಾಟಲಿಯಲ್ಲಿ ನೀರು ಇಟ್ಟುಕೋ. ಮೊದಲು ಮಾಂಜರಪಾಟ್ ಮೂರು ಮೀಟರ್, ಕ್ಯಾಂಬ್ರಿಕ್ ಎರಡೂವರೆ ಮೀಟರ್ ಮತ್ತು ಕಾಲು. ಅಂಗಡಿಯವರು ರೇಯಾನ್ ಬಿಚ್ಚಿ ತೋರಿಸುತ್ತಾರೆ, ನೋಡು, ಮುಟ್ಟು, ಕೊಳ್ಳಬೇಡ.